ಎರಡನೇ ಕೂದಲು ಕಸಿಯಲ್ಲಿ ಗ್ರಾಫ್ಟ್‌ಗಳ ಹಂಚಿಕೆ: ದಾವಣಗೆರೆಯ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿ ದಾವಣಗೆರೆಯಲ್ಲಿ ಅಕ್ಕಿ ವ್ಯಾಪಾರ ಮಾಡುವವರು; ನಮ್ಮಲ್ಲಿಗೆ ಮೊದಲ ಸಲ ಬಂದಾಗ ಅವರಿಗೆ 32 ವರ್ಷ. ಗುರುತು ಸಿಗದಿರಲೆಂದು ವಯಸ್ಸು, ಕಸುಬು, ಮನೆಯವರ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದ ಹೊತ್ತಿಗೆ, ಅಂದರೆ 26ನೇ ವಯಸ್ಸಿನಲ್ಲಿ, ಅವರು ಬೇರೊಂದು ಊರಿನ ಕೇಂದ್ರದಲ್ಲಿ ಕೂದಲು ಕಸಿ ಮಾಡಿಸಿಕೊಂಡಿದ್ದರು. ವೈದ್ಯರು ಬಂದು ಹಣೆಯ ಮೇಲೆ ಗೆರೆ ಎಳೆದು ಹೋದರೆಂದೂ ಉಳಿದ ಕೆಲಸವನ್ನು ಸಹಾಯಕರೇ ಮುಗಿಸಿದರೆಂದೂ ಹೇಳಿದರು. ಈ ಶಸ್ತ್ರಚಿಕಿತ್ಸೆಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇವರ ಕಸಿ ಅದಕ್ಕೂ ಮೊದಲಿನದು.

ಆಗ ಕೊಟ್ಟಿದ್ದ ಚೀಟಿಯಲ್ಲಿ ‘1,800 ಗ್ರಾಫ್ಟ್’ ಎಂಬ ಒಂದೇ ಅಂಕಿ ಇತ್ತು. ಕೂದಲು ಚರ್ಮದಿಂದ ಒಂದೊಂದಾಗಿ ಹುಟ್ಟುವುದಿಲ್ಲ. ಒಂದರಿಂದ ನಾಲ್ಕು ಕೂದಲಿನ ಪುಟ್ಟ ಗುಂಪುಗಳಾಗಿ ಹುಟ್ಟುತ್ತದೆ. ಅಂಥ ಒಂದು ಗುಂಪನ್ನು ಬುಡಸಮೇತ ಎತ್ತಿದರೆ ಅದು ಗ್ರಾಫ್ಟ್. ಆದ್ದರಿಂದ 1,800 ಗ್ರಾಫ್ಟ್ ಎಂದರೆ ಎರಡೂವರೆ ಸಾವಿರ ಕೂದಲೂ ಆಗಬಹುದು, ನಾಲ್ಕು ಸಾವಿರವೂ ಆಗಬಹುದು. ತಲೆಯ ಯಾವ ಭಾಗದಿಂದ ತೆಗೆದರು, ಎಷ್ಟು ಜಾಗದಲ್ಲಿ ನೆಟ್ಟರು, ಒಂಟಿ ಕೂದಲಿನವು ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ಆ ಅಂಕಿಯಿಂದ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಮೊದಲ ಎರಡು ವರ್ಷ ಅವರು ಸಂತೋಷವಾಗಿಯೇ ಇದ್ದರು. ಆಮೇಲೆ ನೆಟ್ಟ ಕೂದಲು ನಿಂತಲ್ಲೇ ನಿಂತಿತು, ಅದರ ಹಿಂದಿದ್ದ ಸ್ವಂತ ಕೂದಲು ಉದುರುತ್ತ ಹೋಯಿತು. ಮಾತ್ರೆಯನ್ನಾಗಲಿ ಹಚ್ಚುವ ಔಷಧವನ್ನಾಗಲಿ ಅವರು ಮುಂದುವರಿಸಿರಲಿಲ್ಲ; ಮುಂದುವರಿಸಬೇಕೆಂದು ಯಾರೂ ಒತ್ತಿ ಹೇಳಿರಲೂ ಇಲ್ಲ. ಅವರ ಪ್ರಕಾರ ಉದುರುವಿಕೆಗೆ ಕಾರಣ ಮನೆಯ ಬೋರ್‌ವೆಲ್ ನೀರು. ನಮ್ಮ ಕಡೆ ಬರುವವರಲ್ಲಿ ಬಹುಪಾಲು ಜನ ಹೇಳುವುದು ಇದನ್ನೇ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ, ನಿಜ. ಆದರೆ ಹಣೆಯ ಮೂಲೆಯಿಂದಲೂ ನೆತ್ತಿಯ ಸುಳಿಯಿಂದಲೂ ಶುರುವಾಗಿ ಒಂದನ್ನೊಂದು ಸೇರುವ ಗಂಡಸರ ಬೋಳಿಗೆ ಕಾರಣ ವಂಶವಾಹಿ ಮತ್ತು ಡೈಹೈಡ್ರೋಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ಇವರ ಇಬ್ಬರು ಸೋದರಮಾವಂದಿರಿಗೂ ಕಿವಿಗಳ ಮೇಲೆ ಮತ್ತು ಹಿಂದಲೆಯಲ್ಲಿ ಒಂದು ಪಟ್ಟಿಯಷ್ಟೇ ಕೂದಲು ಉಳಿದಿತ್ತು. ಹ್ಯಾಮಿಲ್ಟನ್ 1951ರಲ್ಲಿ ರೂಪಿಸಿ ನಾರ್ವುಡ್ 1975ರಲ್ಲಿ ಪರಿಷ್ಕರಿಸಿದ ಏಳು ಹಂತಗಳ ವರ್ಗೀಕರಣದಲ್ಲಿ ಮಾವಂದಿರದು ಆರು ಮತ್ತು ಏಳನೇ ಹಂತ. ನಮ್ಮವರು ಐದನೆಯದನ್ನು ಮುಟ್ಟಿದ್ದರು.

ಎದುರಾದ ಸಮಸ್ಯೆ

ಅವರ ಬೇಡಿಕೆ ಸ್ಪಷ್ಟವಾಗಿತ್ತು: ನೆತ್ತಿಯ ಸುಳಿ ತುಂಬಬೇಕು, ಅದೂ ಚದರ ಸೆಂಟಿಮೀಟರಿಗೆ ಐವತ್ತು ಗ್ರಾಫ್ಟ್‌ನಂತೆ. ಐವತ್ತು ಎಂಬ ಸಂಖ್ಯೆಯನ್ನು ಮೊಬೈಲಿನಲ್ಲಿ ಎಲ್ಲೋ ಓದಿದ್ದರು. ಸುಳಿಯೇ ಏಕೆ ಎಂದು ಕೇಳಿದಾಗ ಬಂದ ಉತ್ತರ ನಾನು ಊಹಿಸದೇ ಇದ್ದದ್ದು. ಅಂಗಡಿಯ ಗಲ್ಲಾದ ಮೇಲ್ಗಡೆ ಸಿಸಿಟಿವಿ ಕ್ಯಾಮೆರಾ ಇದೆ. ಅದರ ಪರದೆ ಗಿರಾಕಿಗಳಿಗೆ ಕಾಣುವಂತೆ ಎದುರಿನ ಗೋಡೆಗಿದೆ. ಬೆಳಗಿನಿಂದ ರಾತ್ರಿವರೆಗೆ ತಮ್ಮ ನೆತ್ತಿಯ ಬೋಳನ್ನು ಅವರು ಗಿರಾಕಿಗಳೊಂದಿಗೆ ಕೂತು ನೋಡುತ್ತಿದ್ದರು. ಕನ್ನಡಿಯಲ್ಲಿ ಎಂದೂ ಕಾಣದ ಭಾಗವೊಂದು ಹೀಗೆ ಅವರಿಗೆ ಎಲ್ಲಕ್ಕಿಂತ ಮುಖ್ಯವಾಗಿಬಿಟ್ಟಿತ್ತು.

ತಪಾಸಣೆಯಲ್ಲಿ ಕಂಡದ್ದು ಬೇರೆಯೇ. ಹುಬ್ಬುಗಳ ನಡುವಿನಿಂದ ಮುಂಗೂದಲ ಅಂಚಿಗೆ ಆರೂವರೆ ಸೆಂಟಿಮೀಟರ್ ಅಂತರವಿತ್ತು. ವಯಸ್ಕ ಗಂಡಸಿಗೆ ಸಾಮಾನ್ಯವಾಗಿ ಏಳರಿಂದ ಹತ್ತರೊಳಗೆ, ಹೆಚ್ಚಿನ ಮುಖಗಳಿಗೆ ಎಂಟರ ಆಸುಪಾಸಿನಲ್ಲಿ, ಈ ಅಂಚನ್ನು ಇಡುತ್ತಾರೆ. ಕಣತಲೆಯ ಬಳಿ ಸಹಜವಾಗಿ ಹಿಂದೆ ಸರಿಯಬೇಕಿದ್ದ ಮೂಲೆಗಳನ್ನು ಮುಚ್ಚಿ, ಅಂಚನ್ನು ಅಡ್ಡಗೆರೆಯಂತೆ ನೇರವಾಗಿ ಎಳೆಯಲಾಗಿತ್ತು. ಅದರ ಮೊಟ್ಟಮೊದಲ ಸಾಲಿನಲ್ಲೇ ಮೂರು ಕೂದಲಿನ ಗ್ರಾಫ್ಟ್‌ಗಳು ಎದ್ದು ಕಾಣುತ್ತಿದ್ದವು. ಈ ದಟ್ಟ ಪಟ್ಟಿಯ ಆಳ ಎರಡೂವರೆ ಸೆಂಟಿಮೀಟರ್; ಅದರ ಹಿಂದೆ ನಡುನೆತ್ತಿ ಬಹುತೇಕ ಖಾಲಿ. ಎದುರಿಗೆ ಕೂತವರಿಗೆ ಕಾಣುತ್ತಿದ್ದುದು ಈ ಪಟ್ಟಿ ಮತ್ತು ಅದರ ಹಿಂದಿನ ಬಯಲು. ಸುಳಿ ಆಮೇಲಿನ ಮಾತು.

ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹರಡಿ, ಬೋಳಿನ ಅಂಚನ್ನು ಪೆನ್ನಿನಲ್ಲಿ ತಿದ್ದಿ, ಹಾಳೆಯನ್ನು ಗ್ರಾಫ್ ಕಾಗದದ ಮೇಲಿಟ್ಟು ಚೌಕ ಎಣಿಸುವುದು ನಮ್ಮ ಪದ್ಧತಿ. ದುಬಾರಿ ಯಂತ್ರ ಬೇಕಿಲ್ಲ. ಎಣಿಸುವ ತಾಳ್ಮೆ ಇದ್ದರೆ ಸಾಕು. ನಡುನೆತ್ತಿ 70 ಚದರ ಸೆಂಟಿಮೀಟರ್, ಸುಳಿಯ ಭಾಗ 80. ಎಲ್ಲ ಕಡೆ ಚದರ ಸೆಂಟಿಮೀಟರಿಗೆ 40ರಂತೆ ನೆಡಬೇಕೆಂದರೂ 6,000 ಗ್ರಾಫ್ಟ್ ಬೇಕು.

ಇನ್ನು ತೆಗೆಯುವ ಕಡೆಯ ಲೆಕ್ಕ. ಹಿಂದಲೆ ಮತ್ತು ಕಿವಿಗಳ ಮೇಲಿನ ಕೂದಲಿಗೆ ಆ ಹಾರ್ಮೋನಿನ ಬಾಧೆ ಕಡಿಮೆ. ಬೋಳಾದ ಕಡೆಗೆ ಒಯ್ದು ನೆಟ್ಟರೂ ಅದು ತನ್ನ ಮೂಲ ಗುಣವನ್ನು ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ತತ್ವದ ಮೇಲೆಯೇ ಕೂದಲು ಕಸಿ ನಿಂತಿದೆ. ಆದರೆ ತೆಗೆದ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಇವರಲ್ಲಿ ಸುರಕ್ಷಿತವೆನ್ನಬಹುದಾದ ದಾನಿ ಭಾಗ, ಅಂದರೆ ಕೂದಲು ತೆಗೆಯಬಹುದಾದ ಜಾಗ, ಸುಮಾರು 180 ಚದರ ಸೆಂಟಿಮೀಟರ್. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ಎಣಿಸಿದಾಗ ಎಡಬಲಗಳಲ್ಲಿ ಮತ್ತು ಮೇಲ್ಭಾಗದಲ್ಲಿ ಚದರ ಸೆಂಟಿಮೀಟರಿಗೆ ಸರಾಸರಿ 65 ಗುಂಪುಗಳಿದ್ದವು. ಹಿಂದಲೆಯ ನಟ್ಟನಡುವೆ 60 ಚದರ ಸೆಂಟಿಮೀಟರಿನ ಒಂದು ಪಟ್ಟಿಯಲ್ಲಿ ಮಾತ್ರ 40. ಹಿಂದಿನ ಸಲ 1,800 ಗ್ರಾಫ್ಟ್‌ಗಳೂ ಕೈಗೆ ಸುಲಭವಾಗಿ ಸಿಗುವ ಆ ಒಂದೇ ಪಟ್ಟಿಯಿಂದ ಹೋಗಿದ್ದವು. ಕೂದಲು ಗಿಡ್ಡ ಮಾಡಿಸಿದರೆ ಅಲ್ಲಿ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಆ ಪಟ್ಟಿಯನ್ನು ಇನ್ನು ಮುಟ್ಟುವಂತಿರಲಿಲ್ಲ.

ಉಳಿದ 120 ಚದರ ಸೆಂಟಿಮೀಟರಿನಲ್ಲಿ 7,800 ಗುಂಪುಗಳು. ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ನಾವು ಪಾಲಿಸುವ ಮಿತಿ. ಹಾಗಾಗಿ ಈ ಸಲ 1,900, ಮುಂದೆಂದಾದರೂ ಇನ್ನೊಂದು ಸಾವಿರದ ಆಸುಪಾಸು. ಬೇಕಾದದ್ದು ಆರು ಸಾವಿರ, ಇಡೀ ಆಯುಷ್ಯಕ್ಕೆ ಉಳಿದದ್ದು ಮೂರು ಸಾವಿರದೊಳಗೆ.

ಪರಿಶೀಲಿಸಿದ ದಾರಿಗಳು

ಶಸ್ತ್ರಚಿಕಿತ್ಸೆಯ ದಿನಾಂಕ ಕೇಳಲು ಬಂದವರಿಗೆ ನಾವು ಮೊದಲು ಕೊಟ್ಟದ್ದು ಔಷಧ: ದಿನಕ್ಕೊಂದು ಒಂದು ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ, ದಿನಕ್ಕೆರಡು ಸಲ ಹಚ್ಚಲು ಶೇಕಡಾ 5ರ ಮಿನಾಕ್ಸಿಡಿಲ್. ಇದು ಅವರಿಗೆ ಹಿಡಿಸಲಿಲ್ಲ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಈ ಮಾತ್ರೆಯಿಂದ ಗಂಡಸುತನ ಹೋಗುತ್ತದೆಂದು ಗೆಳೆಯರು ಹೆದರಿಸಿದ್ದರು. ನೂರರಲ್ಲಿ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದುಂಟು, ಹೆಚ್ಚಿನವರಲ್ಲಿ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ, ಬಿಟ್ಟ ಮೇಲೂ ತೊಂದರೆ ಉಳಿಯಿತೆಂದು ಹೇಳುವವರು ಅಪರೂಪಕ್ಕೆ ಇದ್ದಾರೆ ಎಂದು ಮುಚ್ಚುಮರೆಯಿಲ್ಲದೆ ವಿವರಿಸಿದೆವು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದೆಂದೂ ಹೇಳಿದೆವು. ಅವರು ಹೆಂಡತಿಯನ್ನೂ ಕರೆತಂದು, ಇಬ್ಬರೂ ಕೇಳಿಸಿಕೊಂಡು ಒಪ್ಪಿದರು. ಬೀಡಿ ಸಿಗರೇಟಿನ ಮಾತೂ ಆಗಲೇ ಬಂತು. ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಿದ್ದರು.

ಹತ್ತು ತಿಂಗಳ ನಂತರದ ಚಿತ್ರಗಳಲ್ಲಿ ನಡುನೆತ್ತಿಯ ಎಳೆಕೂದಲು ಸ್ವಲ್ಪ ದಪ್ಪಗಾಗಿತ್ತು, ಉದುರುವಿಕೆ ನಿಂತಿತ್ತು. ಸುಳಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕಾದದ್ದರಿಂದ ಆದ ದೊಡ್ಡ ಲಾಭವೆಂದರೆ ಬೋಳಿನ ಗಡಿ ಎಲ್ಲಿದೆ, ಅದು ಸರಿಯುತ್ತಿದೆಯೋ ನಿಂತಿದೆಯೋ ಎಂಬುದು ಅಳತೆಯಲ್ಲೇ ಗೊತ್ತಾಯಿತು. ಗಡಿ ಸರಿಯುತ್ತಿರುವ ತಲೆಯ ಮೇಲೆ ಗ್ರಾಫ್ಟ್ ಹಂಚುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಕಸಿ ಕೆಟ್ಟದ್ದೂ ಅದರಿಂದಲೇ.

ಹಂಚಿಕೆಗೆ ಮೂರು ದಾರಿಗಳಿದ್ದವು. ಮೊದಲನೆಯದು ಅವರು ಕೇಳಿದ್ದು, ಎಲ್ಲವನ್ನೂ ಸುಳಿಗೆ ಹಾಕುವುದು. ಸುಳಿಯಲ್ಲಿ ಕೂದಲು ಒಂದು ಬಿಂದುವಿನಿಂದ ಸುತ್ತಲೂ ಹೊರಕ್ಕೆ ತಿರುಗುತ್ತದೆ. ಒಂದರ ಮೇಲೊಂದು ಮಲಗಿ ಚರ್ಮ ಮುಚ್ಚುವುದಿಲ್ಲ. ಅಷ್ಟೇ ಗ್ರಾಫ್ಟ್ ನಡುನೆತ್ತಿಯಲ್ಲಿ ಕೊಡುವ ತುಂಬಿದ ನೋಟವನ್ನು ಅಲ್ಲಿ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಸುಳಿಯ ಬೋಳು ವಯಸ್ಸಾದಂತೆ ಹೊರಗೆ ಹರಡುತ್ತದೆ. ಸೋದರಮಾವಂದಿರ ತಲೆ ನೋಡಿದ ಮೇಲೆ, ಹತ್ತು ವರ್ಷಕ್ಕೆ ನಡುವೆ ಒಂದು ಗುಡ್ಡೆ ಕೂದಲು, ಸುತ್ತ ಬೋಳು ಎಂಬ ಚಿತ್ರ ಕಣ್ಣಿಗೆ ಕಟ್ಟುವಂತಿತ್ತು.

ಎರಡನೆಯದು ಎಲ್ಲ ಕಡೆ ಸಮನಾಗಿ ಹಂಚುವುದು. ಕೇಳಲು ನ್ಯಾಯವೆನ್ನಿಸುತ್ತದೆ. ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ 15 ಗ್ರಾಫ್ಟ್ ಕೂಡ ನಿಲ್ಲುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಇಡೀ ತಲೆಯ ಚರ್ಮ ಕಾಣುತ್ತದೆ. ಸಹಜ ಸಾಂದ್ರತೆಯ ಸುಮಾರು ಅರ್ಧದಷ್ಟು ಕಳೆದುಹೋಗುವವರೆಗೆ ನೋಡುವವರ ಕಣ್ಣಿಗೆ ಕೊರತೆ ಗೊತ್ತಾಗುವುದಿಲ್ಲ. ಹಾಗಾಗಿ ಮುಖ್ಯ ಜಾಗದಲ್ಲಿ ಅರ್ಧದ ಹತ್ತಿರ ಮುಟ್ಟಿದರೆ ಸಾಕು. ಅದಕ್ಕಿಂತ ತೀರಾ ಕೆಳಗೆ ಎಲ್ಲ ಕಡೆ ಹರಡಿದರೆ ಖರ್ಚಾದ ಗ್ರಾಫ್ಟ್‌ಗಳಿಗೆ ಫಲವಿಲ್ಲ.

ಮೂರನೆಯದು ನಡುನೆತ್ತಿಗೆ ಆದ್ಯತೆ ಕೊಟ್ಟು, ಮುಂದಿನಿಂದ ಹಿಂದಕ್ಕೆ ಸಾಂದ್ರತೆಯನ್ನು ಇಳಿಸುತ್ತ ಬಂದು, ಸುಳಿಯನ್ನು ಸದ್ಯಕ್ಕೆ ಬಿಡುವುದು. ನಾವು ಸೂಚಿಸಿದ್ದು ಇದನ್ನೇ. ಅವರು ಒಪ್ಪಲಿಲ್ಲ. ದುಡ್ಡು ಕೊಟ್ಟೂ ಬೋಳು ಉಳಿಯುವುದಾದರೆ ಏನು ಬಂತು ಎಂಬುದು ಅವರ ವಾದ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ತೀರ್ಮಾನ ತಿರುಗಿದ್ದು ಅವರ ತಂದೆಯಿಂದ. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ಭತ್ತ ಬೆಳೆಯುವ ಹಿರಿಯರು ಅವರು. ಅಷ್ಟು ಹೊತ್ತೂ ಸುಮ್ಮನೆ ಕೂತು ನಮ್ಮ ಗ್ರಾಫ್ ಕಾಗದವನ್ನು ನೋಡುತ್ತಿದ್ದರು. “ಮೊದಲ್ನೇ ಡಾಕ್ಟ್ರು ನೀರೆಲ್ಲಾ ಮ್ಯಾಲಿನ ಗದ್ದಿಗೇ ಬಿಟ್ಟಾರ. ಈಗ ಇರೋ ನೀರು ಕೊನೀತನಕ ಮುಟ್ಟಂಗಿಲ್ಲ, ಹೌದಿಲ್ಲೋ ಸರ್?” ಎಂದರು. ಹೌದೆಂದೆ. “ಹಂಗಾರೆ ನಡುವಿನ ಗದ್ದಿನಾರ ಬೆಳೀಲಿ” ಎಂದು ಮಗನ ಕಡೆ ತಿರುಗಿದರು. ನಾವು ಅಂಕಿಗಳಲ್ಲಿ ಹೇಳಿ ಒಪ್ಪಿಸಲಾಗದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಮಗ ಒಂದು ವಾರ ಬಿಟ್ಟು ಫೋನ್ ಮಾಡಿ ಒಪ್ಪಿಗೆ ತಿಳಿಸಿದರು.

ಯೋಜನೆ ಮತ್ತು ಶಸ್ತ್ರಚಿಕಿತ್ಸೆಯ ದಿನ

ಗ್ರಾಫ್ಟ್‌ಗಳ ಮೂಲ ಮೂರು. ಹಿಂದಲೆ ಮತ್ತು ಎಡಬಲಗಳಿಂದ 1,900. ದವಡೆಯ ಕೆಳಗಿನ ಗಡ್ಡದಿಂದ 300. ಹಳೆಯ ಮುಂಗೂದಲ ಅಂಚಿನಿಂದಲೇ ಕಿತ್ತು ಮರುಬಳಕೆ ಮಾಡುವ 120. ಗಡ್ಡದ ಕೂದಲು ದಪ್ಪ ಮತ್ತು ಒರಟು. ಅಂಚಿನಲ್ಲಿ ನೆಟ್ಟರೆ ಎದ್ದು ಕಾಣುತ್ತದೆ, ಒಳಗಡೆ ತಲೆಗೂದಲಿನ ಜೊತೆ ಬೆರೆಸಿದರೆ ಗಾತ್ರ ತುಂಬುತ್ತದೆ. ಅಂಚಿನ 120ನ್ನು ಕೀಳುವುದು ಕಸಿಗಿಂತ ನಾಜೂಕಿನ ಕೆಲಸವಾಗಿತ್ತು. ಎರಡೂ ಕಣತಲೆಯ ಮೂಲೆಗಳನ್ನು ಮತ್ತೆ ತೆರೆಯಬೇಕಿತ್ತು, ನೇರ ಗೆರೆಯನ್ನು ಒಡೆಯಬೇಕಿತ್ತು, ಮೊದಲ ಸಾಲಿನ ಮೂರು ಕೂದಲಿನ ಗುಂಪುಗಳನ್ನು ತೆಗೆದು ನಡುನೆತ್ತಿಗೆ ಸಾಗಿಸಬೇಕಿತ್ತು. ಆ ಜಾಗದ ಹಿಂದೆ ಮುಂದೆ ಒಂಟಿ ಕೂದಲಿನ 150 ಗ್ರಾಫ್ಟ್‌ಗಳನ್ನು ಅಂಕುಡೊಂಕಾಗಿ ನೆಡುವುದೆಂದು ಬರೆದುಕೊಂಡೆವು.

ಉಳಿದ ಹಂಚಿಕೆ ಹೀಗಿತ್ತು: ನಡುನೆತ್ತಿಯ ಮುಂದಿನ 25 ಚದರ ಸೆಂಟಿಮೀಟರಿಗೆ 38ರಂತೆ 950, ಅದರ ಹಿಂದಿನ 25ಕ್ಕೆ 28ರಂತೆ 700, ಕೊನೆಯ 20ಕ್ಕೆ 18ರಂತೆ 360, ಮಿಕ್ಕ 160 ಸುಳಿಯ ಮುಂಭಾಗದ ಅಂಚಿಗೆ, ಕೂದಲಿರುವ ಜಾಗ ಥಟ್ಟನೆ ನಿಂತುಹೋದಂತೆ ಕಾಣದಿರಲೆಂದು. ಅವರು ಎಡಗಡೆ ಬೈತಲೆ ತೆಗೆದು ಬಲಕ್ಕೆ ಬಾಚುವವರು. ಆದ್ದರಿಂದ ಪ್ರತಿ ಭಾಗದಲ್ಲೂ ಎರಡು ಮೂರು ಕೂದಲಿನ ಗ್ರಾಫ್ಟ್‌ಗಳನ್ನು ಬೈತಲೆಯ ಬದಿಗೆ ಹೆಚ್ಚಾಗಿ ಇಟ್ಟೆವು. ಅಲ್ಲಿ ಹುಟ್ಟಿದ ಕೂದಲು ಬಲಗಡೆಯ ತೆಳುವನ್ನೂ ಮುಚ್ಚುತ್ತದೆ. ಸಂಖ್ಯೆ ಒಂದೇ ಇದ್ದರೂ ಯಾವ ಗ್ರಾಫ್ಟ್ ಎಲ್ಲಿ ಎಂಬುದರ ಮೇಲೆ ನೋಟ ಬದಲಾಗುವುದು ಇಂಥ ಕಡೆ. ಬಾಚುವ ರೂಢಿಯನ್ನು ಕೇಳದೆ ಯೋಜನೆ ಬರೆದವರನ್ನೂ ನೋಡಿದ್ದೇನೆ.

ಬೇಸಿಗೆ ಕಳೆದ ಮೇಲೆ ದಿನ ಗೊತ್ತುಮಾಡಿದೆವು. ನಾಲ್ಕು ವಾರ ಮೊದಲೇ ಸಿಗರೇಟು ಬಿಡಿಸಿದ್ದೆವು. ಅವರ ತೂಕ 64 ಕಿಲೋ. ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದಿನ ಮಿತಿ ಕಿಲೋಗೆ 7 ಮಿಲಿಗ್ರಾಂ, ಅಂದರೆ ಒಟ್ಟು 448 ಮಿಲಿಗ್ರಾಂ, ಶೇಕಡಾ 1ರ ದ್ರಾವಣದಲ್ಲಿ 44 ಮಿಲಿಲೀಟರ್. ಗಡ್ಡ, ಹಿಂದಲೆ, ನೆತ್ತಿ ಎಲ್ಲಕ್ಕೂ ಸೇರಿ ಇಷ್ಟೇ ಎಂದು ನರ್ಸ್ ಬೋರ್ಡಿನ ಮೇಲೆ ಬರೆದು, ಪ್ರತಿ ಸಿರಿಂಜಿಗೂ ಕಳೆಯುತ್ತ ಬಂದರು. ಗ್ರಾಫ್ಟ್‌ಗಳನ್ನು ತಣ್ಣನೆಯ ಸಲೈನಿನಲ್ಲಿಟ್ಟು, ಒಂಟಿ, ಜೋಡಿ, ಮೂರು ಕೂದಲಿನವು ಎಂದು ಬೇರೆ ಬೇರೆ ಬಟ್ಟಲುಗಳಿಗೆ ವಿಂಗಡಿಸಿದೆವು. ಗ್ರಾಫ್ಟ್‌ಗೆ ಮುಖ್ಯ ಶತ್ರು ಒಣಗುವಿಕೆ. ಕೈಗವಸಿನ ಮೇಲೆ ಕೆಲವು ನಿಮಿಷ ಬಿಟ್ಟರೂ ಬುಡ ಸಾಯಬಹುದು.

ಎರಡನೇ ತಿರುವು ಬಂದದ್ದು ಮಧ್ಯಾಹ್ನ, ನಡುನೆತ್ತಿಯ ಮುಂಭಾಗದಲ್ಲಿ ಗ್ರಾಫ್ಟ್ ನೆಡಲು ಸೀಳುಗಳನ್ನು ಮಾಡುತ್ತಿದ್ದಾಗ. ಚದರ ಸೆಂಟಿಮೀಟರಿಗೆ 30ರ ಹತ್ತಿರ ಬರುತ್ತಿದ್ದಂತೆ, ಹಳೆಯ ಕಸಿಯ ಪಟ್ಟಿಗೆ ತಾಗಿದ ಜಾಗದಲ್ಲಿ ಚರ್ಮ ಕಪ್ಪು ನೇರಳೆಗೆ ತಿರುಗಿತು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಗುರುತು ಮತ್ತೆ ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು. ಸೀಳಿನಿಂದ ಬರುವ ರಕ್ತ ಕೆಂಪಗಿರಲಿಲ್ಲ, ಕಪ್ಪಗಿತ್ತು. ಹಳೆಯ ಕಸಿಯ ಕಲೆಯಿಂದ ಅಲ್ಲಿ ರಕ್ತನಾಳಗಳು ಮೊದಲೇ ಕಡಿಮೆ. ವರ್ಷಗಟ್ಟಲೆ ಸೇದಿದ ಸಿಗರೇಟಿನ ಪರಿಣಾಮ ನಾಲ್ಕು ವಾರದಲ್ಲಿ ಪೂರ್ತಿ ಹೋಗುವುದಿಲ್ಲ. ಮೇಲಿಂದ ರಕ್ತನಾಳಗಳನ್ನು ಬಿಗಿಸುವ ಅಡ್ರಿನಲಿನ್ ಬೇರೆ. ಇಂಥಲ್ಲಿ ಯೋಜನೆಯ 38ನ್ನು ಹಟಹಿಡಿದು ಮುಗಿಸಿದರೆ ನೆಟ್ಟ ಗ್ರಾಫ್ಟ್‌ಗಳು ಮಾತ್ರವಲ್ಲ, ಆ ಭಾಗದ ಚರ್ಮವೇ ಕೊಳೆತು ಕಲೆಯಾಗಬಹುದು. ನಡುನೆತ್ತಿಯ ಈ ಮುಂಭಾಗ ಅದಕ್ಕೆ ಹೆಸರಾದ ಜಾಗ.

ಸೀಳುವುದನ್ನು ನಿಲ್ಲಿಸಿ, ಬೆಚ್ಚಗಿನ ಸಲೈನಿನ ಬಟ್ಟೆ ಇಟ್ಟು ಕಾದೆವು. ಬಣ್ಣ ಮರಳಿತು. ಆದರೂ ಅಲ್ಲಿ 30ಕ್ಕೇ ನಿಲ್ಲಿಸಲು ನಿರ್ಧರಿಸಿದೆವು. ಹೀಗೆ ಉಳಿದ 200 ಗ್ರಾಫ್ಟ್‌ಗಳಲ್ಲಿ ನೂರನ್ನು ನಡುನೆತ್ತಿಯ ಕೊನೆಯ ಭಾಗಕ್ಕೂ ನೂರನ್ನು ಸುಳಿಯ ಮುಂಭಾಗದ ಅಂಚಿಗೂ ಸರಿಸಿದೆವು. ಕೊನೆಯ ಭಾಗದ ಸಾಂದ್ರತೆ 18ರಿಂದ 23ಕ್ಕೆ ಏರಿತು. ಅವರು ಎಚ್ಚರವಾಗಿಯೇ ಇದ್ದುದರಿಂದ ಮಲಗಿದ್ದಲ್ಲೇ ವಿಷಯ ತಿಳಿಸಿ, ಕಡತದಲ್ಲೂ ಸಮಯಸಹಿತ ಬರೆದೆವು.

ಫಲಿತಾಂಶ

ಮೂರನೇ ವಾರದಿಂದ ನೆಟ್ಟ ಕೂದಲು ಉದುರಿತು. ಇದು ನಿರೀಕ್ಷಿತವೇ, ಬುಡ ಒಳಗೆ ಉಳಿದಿರುತ್ತದೆ. ಮೊದಲೇ ಹೇಳಿದ್ದರೂ ಅವರು ಗಾಬರಿಯಾಗಿ ಬಂದಿದ್ದರು, ಎಲ್ಲರೂ ಬರುತ್ತಾರೆ. ನಾಲ್ಕನೇ ತಿಂಗಳಿಗೆ ಚಿಗುರು ಕಂಡಿತು. ಹನ್ನೆರಡನೇ ತಿಂಗಳಲ್ಲಿ ಗುರುತು ಹಾಕಿದ್ದ ಚೌಕಗಳನ್ನು ಡರ್ಮೋಸ್ಕೋಪಿನಲ್ಲಿ ಎಣಿಸಿದಾಗ ಮುಂಭಾಗದಲ್ಲಿ ನೆಟ್ಟ 30ರಲ್ಲಿ 26, ಹಿಂಭಾಗದಲ್ಲಿ 23ರಲ್ಲಿ 20 ಬೆಳೆದಿದ್ದವು. ಔಷಧದಿಂದ ಉಳಿದುಕೊಂಡ ಸ್ವಂತ ಕೂದಲೂ ಸೇರಿ, ಎಡಗಡೆಯಿಂದ ಬಾಚಿದರೆ ನಡುನೆತ್ತಿ ತುಂಬಿದಂತೆಯೇ ಕಾಣುತ್ತಿತ್ತು. ಹಣೆಯ ಅಡ್ಡಗೆರೆ ಹೋಗಿತ್ತು. ಹೊಸದಾಗಿ ಕೂದಲು ತೆಗೆದ ಭಾಗಗಳಲ್ಲಿ ಚುಕ್ಕೆ ಕಾಣುತ್ತಿರಲಿಲ್ಲ. ಹಳೆಯ ಪಟ್ಟಿಯ ಚುಕ್ಕೆಗಳು ಮಾತ್ರ ಹಾಗೇ ಇದ್ದವು, ಅದಕ್ಕಾಗಿ ಅವರು ಹಿಂದಲೆಯ ಕೂದಲನ್ನು ಸ್ವಲ್ಪ ಉದ್ದ ಬಿಡಬೇಕು.

ಅವರ ತೃಪ್ತಿ ಪೂರ್ಣವಾಗಿರಲಿಲ್ಲ. ಸುಳಿ ಬೋಳಾಗಿಯೇ ಇತ್ತು, ಸಿಸಿಟಿವಿಯಲ್ಲಿ ಕಾಣುತ್ತಲೂ ಇತ್ತು. ಸದ್ಯಕ್ಕೆ ಅವರು ಅಲ್ಲಿ ಕೂದಲಿನ ಬಣ್ಣದ ಕೆರಾಟಿನ್ ಪುಡಿ ಉದುರಿಸಿಕೊಳ್ಳುತ್ತಾರೆ. ಸುತ್ತ ಸ್ವಲ್ಪವಾದರೂ ಕೂದಲಿದ್ದರೆ ಪುಡಿ ಚೆನ್ನಾಗಿ ಕೂರುತ್ತದೆ, ಅಂಚಿಗೆ ಹಾಕಿದ 260 ಗ್ರಾಫ್ಟ್‌ಗಳು ಅದಕ್ಕೂ ಅನುಕೂಲವಾದವು. ಕ್ಯಾಮೆರಾವನ್ನು ಬಾಗಿಲ ಕಡೆಗೆ ತಿರುಗಿಸಿದ್ದು ಅವರದೇ ಯೋಚನೆ.

ಈ ಪ್ರಕರಣದಿಂದ ಹೊರಡುವ ಮಾತುಗಳು

ಇದೇ ತಲೆ 26ನೇ ವಯಸ್ಸಿನಲ್ಲಿ ನಮ್ಮಲ್ಲಿಗೆ ಬಂದಿದ್ದರೆ ಏನು ಮಾಡುತ್ತಿದ್ದೆವು ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಮುಂಗೂದಲ ಅಂಚನ್ನು ಒಂದೂವರೆ ಸೆಂಟಿಮೀಟರ್ ಮೇಲಿಟ್ಟಿದ್ದರೆ, ಹದಿನೈದು ಸೆಂಟಿಮೀಟರ್ ಅಗಲದ ಹಣೆಗೆ ಇಪ್ಪತ್ತೆರಡೂವರೆ ಚದರ ಸೆಂಟಿಮೀಟರ್ ಉಳಿಯುತ್ತಿತ್ತು. 40ರ ಲೆಕ್ಕದಲ್ಲಿ ಅದು 900 ಗ್ರಾಫ್ಟ್. ಈಗ ಸುಳಿಗೆ ಸಾಲದೆ ಬಂದಿರುವ ಗ್ರಾಫ್ಟ್‌ಗಳಲ್ಲಿ ದೊಡ್ಡ ಪಾಲು ಆ ಒಂದೂವರೆ ಸೆಂಟಿಮೀಟರಿನಲ್ಲಿ ಹೂತುಹೋಗಿದೆ. ಚದರ ಸೆಂಟಿಮೀಟರಿಗೆ ಎಷ್ಟು ಎಂದು ಕೇಳಿ ಬರುವವರಿಗೆ ನಾನು ಈಗ ತೋರಿಸುವುದು ಈ ಗುಣಾಕಾರವನ್ನೇ. ಸಾಂದ್ರತೆಯನ್ನು ಜಾಗದಿಂದ ಬಿಡಿಸಿ ಹೇಳಿದರೆ ಅದು ಬರೀ ಮಾರಾಟದ ಅಂಕಿ.

ಯೋಜಿಸಿದ ಸಾಂದ್ರತೆಯನ್ನು ಚರ್ಮ ಒಪ್ಪದಿದ್ದಾಗ ಉಳಿದ ಗ್ರಾಫ್ಟ್‌ಗಳಿಗೆ ಎರಡನೇ ಜಾಗ ಮೊದಲೇ ಗೊತ್ತಿರಬೇಕು. ನಮ್ಮ ಬಳಿ ಸುಳಿಯ ಅಂಚಿನ ಗುರುತು ಆಗಲೇ ಹಾಕಿದ್ದರಿಂದ ಹತ್ತು ನಿಮಿಷದಲ್ಲಿ ಹಂಚಿಕೆ ಬದಲಾಯಿತು. ಇಲ್ಲದಿದ್ದರೆ ಎತ್ತಿಟ್ಟ ಗ್ರಾಫ್ಟ್‌ಗಳನ್ನು ಎಲ್ಲಾದರೂ ತುರುಕಿ ಮುಗಿಸುವ ಒತ್ತಡ ಬರುತ್ತದೆ, ಅದು ಬರುವುದು ಎಲ್ಲರೂ ದಣಿದ ಹೊತ್ತಿನಲ್ಲೇ.

ದಾನಿ ಭಾಗದಲ್ಲಿ ಇನ್ನೂ ಸುಮಾರು ಸಾವಿರ ಗ್ರಾಫ್ಟ್ ಇವೆ. ಅವರು ಪ್ರತಿ ಸಲವೂ ಅದನ್ನು ಕೇಳುತ್ತಾರೆ. ಸುಳಿಯ ಗಡಿ ಎರಡು ವರ್ಷ ಸರಿಯದೆ ನಿಂತರೆ, ಮಾತ್ರೆ ಬಿಡದಿದ್ದರೆ, ಸಿಗರೇಟಿಗೆ ಮರಳದಿದ್ದರೆ ಅದರಲ್ಲಿ ಅರ್ಧವನ್ನು ಸುಳಿಯ ಮುಂಭಾಗಕ್ಕೆ ತೆಳುವಾಗಿ ಹಾಕುವುದೆಂದೂ, ಉಳಿದರ್ಧವನ್ನು ನಡುನೆತ್ತಿಯ ಸ್ವಂತ ಕೂದಲು ಮುಂದೆಂದಾದರೂ ಕೈಕೊಟ್ಟರೆ ಎಂದು ಮುಟ್ಟದೆ ಇಡುವುದೆಂದೂ ಅವರ ಕಾರ್ಡಿನಲ್ಲಿ ಬರೆದುಕೊಟ್ಟಿದ್ದೇವೆ. ಮುಂದಿನ ಅಳತೆ ಬರುವ ಮಾರ್ಚಿನಲ್ಲಿ.